ಅಂಚೆಯಲ್ಲಿ ಬಂದ ಪಂಪ

ಪೆನ್ಷನ್ನಿನ ಜೀವನ ಪ್ರಮಾಣಪತ್ರಕ್ಕೆ ಬೆರಳಚ್ಚು ಕೊಡಲು ಹಲಸೂರು ಬಜಾರಿನ ಪಕ್ಕದ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ಖಾಕಿ ಸಮವಸ್ತ್ರದಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಬಸ್ ಕಂಡಕ್ಟರ್, ವಯಸ್ಸು ನಲವತ್ತರ ಆಚೀಚೆ. ಅಂಗಡಿಯ ಹುಡುಗ ಅವರ ಪರವಾಗಿ ಮುಕ್ತ ವಿಶ್ವವಿದ್ಯಾನಿಲಯದ ಎಂ.ಎ. ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದ. ಯಾವ ಸಬ್ಜೆಕ್ಟು ಎಂದು ಕೇಳಿದ. ಆಕೆ ತಡವರಿಸಿದರು. “ಕನ್ನಡ ತಗೊಂಬಿಡಿ ಮೇಡಂ, ಅದೇ ಈಸಿ. ಮನೇಲಿ ಮಾತಾಡೋದು ತಾನೇ,” ಅಂದ. ಆಕೆ ಆಗಲಿ ಎಂದು ತಲೆಯಾಡಿಸಿದರು. ಫೋಟೋ ಅಪ್‌ಲೋಡ್ ಆಯಿತು, ಫೋನಿನಲ್ಲೇ ಶುಲ್ಕ ಕಟ್ಟಿದರು, ಡ್ಯೂಟಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಒಂದು ಮಾತು ಆಡಿಸೋಣವೆಂದರೆ ಅಷ್ಟರಲ್ಲಿ ಬೀದಿಯ ಜನದಲ್ಲಿ ಸೇರಿಹೋಗಿದ್ದರು.

ಆಕೆಯ ವಯಸ್ಸಿಗಿಂತ ಒಂದೆರಡು ವರ್ಷ ಮುಂಚೆ ನಾನೂ ಇದೇ ದಾರಿ ಹಿಡಿದವಳು. 1993ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಲ್ಲಿ ಬಿ.ಎ.ಗೆ ಸೇರಿದೆ. ಬಿ.ಎ. ಮುಗಿಯುವ ಹೊತ್ತಿಗೆ, 1996ರ ಜೂನ್ 1ರಂದು, ಅದೇ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು, ಕನ್ನಡ ಎಂ.ಎ. ಅಲ್ಲೇ ಮಾಡಿದೆ. ಪಿಯುಸಿ ಮುಗಿಸಿ ದೂರವಾಣಿನಗರದ ಐಟಿಐ ಕಾರ್ಖಾನೆಗೆ ಸೇರಿ, ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳಿಗೆ ವೈರು ಬೆಸುಗೆ ಹಾಕುತ್ತಿದ್ದವಳಿಗೆ ಎಂ.ಎ. ಯಾಕೆ ಬೇಕಿತ್ತು ಎಂದು ಆಗ ಕೇಳದವರಿಲ್ಲ. ಅದರಿಂದ ಬಡ್ತಿ ಸಿಗುತ್ತಿರಲಿಲ್ಲ, ಸಂಬಳ ಏರುತ್ತಿರಲಿಲ್ಲ. ನನ್ನ ತಂದೆ ಮಾಲೂರು ಕಡೆಯ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ಕುಮಾರವ್ಯಾಸನನ್ನು ಓದುತ್ತಿದ್ದರು, ಅಕ್ಕಪಕ್ಕದವರು ಬಂದು ಕೇಳುತ್ತಿದ್ದರು. ಮದುವೆಯಾಗಿ ಹಲಸೂರಿಗೆ ಬಂದ ಮೇಲೆ ಆ ದನಿ ನಿಂತುಹೋಯಿತು. ಅದನ್ನು ಮತ್ತೆ ಕೇಳಬೇಕೆಂಬ ಆಸೆಯಿಂದ ಅರ್ಜಿ ಹಾಕಿದೆ. ಬೇರೆ ಕಾರಣವಿರಲಿಲ್ಲ.

ಹಲಸೂರಿನ ಸುತ್ತ ಬ್ರಿಟಿಷರ ದಂಡು ಬೀಡುಬಿಟ್ಟದ್ದು 1809ರಲ್ಲಿ. 1947ರ ಜುಲೈವರೆಗೂ ಈ ಭಾಗ ಅವರ ಆಡಳಿತದಲ್ಲೇ ಇತ್ತು. ಸಿಟಿ ಮತ್ತು ದಂಡು ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆ ಮೇಲೂ ಬಹಳ ಕಾಲ ಎರಡೂ ಬೇರೆ ಊರುಗಳೇ. ನಮ್ಮ ಬೀದಿಯಲ್ಲಿ ತಮಿಳು, ತೆಲುಗು. ಶಿವಾಜಿನಗರ ದಾಟಿದರೆ ಉರ್ದು. ಲಿಡೋ ಟಾಕೀಸಿನ ಕಡೆ ನಡೆದರೆ ಇಂಗ್ಲಿಷು. ಕನ್ನಡ ಪುಸ್ತಕ ಬೇಕೆಂದರೆ ಬಸ್ ಹತ್ತಿ ಪಶ್ಚಿಮಕ್ಕೆ ಹೋಗಬೇಕು: ಅವೆನ್ಯೂ ರಸ್ತೆ, ಗಾಂಧಿನಗರ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು, ಮುಗಳಿಯವರ ಸಾಹಿತ್ಯ ಚರಿತ್ರೆಯನ್ನು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡಿದ್ದೆ. ಎರಡರಲ್ಲೂ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಆ ಗೆರೆಗಳು ನನಗೆ ಬಹಳ ಉಪಕಾರ ಮಾಡಿದವು. ನನಗಿಂತ ಮೊದಲು ಒಬ್ಬರು ಇಲ್ಲಿ ನಿಂತು ಯೋಚಿಸಿದ್ದಾರೆ ಎಂಬ ಧೈರ್ಯ ಬರುತ್ತಿತ್ತು.

ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಕಂದು ಕಾಗದ ಸುತ್ತಿದ ಕಟ್ಟು, ಮೇಲೆ ದಾರ. ಒಳಗೆ ತೆಳ್ಳಗಿನ ಪುಸ್ತಿಕೆಗಳು, ಒಂದೊಂದರಲ್ಲೂ ನಾಲ್ಕಾರು ಘಟಕ. ಪ್ರತಿ ಘಟಕಕ್ಕೂ ಒಂದೇ ಕ್ರಮ: ಉದ್ದೇಶ, ಪೀಠಿಕೆ, ಪಠ್ಯ, ಸಾರಾಂಶ, ಕಠಿಣ ಪದಗಳ ಅರ್ಥ, ಅಭ್ಯಾಸದ ಪ್ರಶ್ನೆ. ಈ ಪುಸ್ತಿಕೆಗಳ ಬಗ್ಗೆ ಹಗುರವಾಗಿ ಮಾತಾಡುವುದನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದವರಿಗೆ, ಯಾರನ್ನೂ ಕೇಳಲು ಆಗದವರಿಗೆ ಅರ್ಥವಾಗಬೇಕೆಂದು ಬರೆದ ಕನ್ನಡ ಅದು. ಬರೆದ ಅಧ್ಯಾಪಕರಲ್ಲಿ ಕೆಲವರು ಎದುರಿಗೆ ಕೂರಿಸಿಕೊಂಡು ಹೇಳಿದಷ್ಟು ಸಮಾಧಾನದಿಂದ ಬರೆದಿದ್ದರು. ನಮ್ಮ ದೇಶದಲ್ಲಿ ಅಂಚೆ ಮೂಲಕ ಪದವಿ ಕಲಿಸುವ ಕೆಲಸ ಶುರುವಾದದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾನಿಲಯದಲ್ಲಿ. ಮೈಸೂರು 1969ರಲ್ಲಿ ಶುರುಮಾಡಿತು. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿ ಹುಟ್ಟಿದ್ದೂ ಅದೇ ವರ್ಷ. ಹೈದರಾಬಾದಿನ ಮುಕ್ತ ವಿಶ್ವವಿದ್ಯಾನಿಲಯ 1982ರದು, ದೆಹಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ 1985ರದು. ದುಡಿಯುವವರ ಮನೆ ಬಾಗಿಲಿಗೆ ಕನ್ನಡದಲ್ಲಿ ಪಾಠ ಕಳಿಸಬೇಕೆಂದು ಮೈಸೂರಿನಲ್ಲಿ ಅಷ್ಟು ಮುಂಚೆ ಯೋಚಿಸಿದವರಿಗೆ ನಾನು ಋಣಿ.

ಆದರೆ ಪುಸ್ತಿಕೆ ತೆರೆದು ಪಂಪನ ಮೊದಲ ಪದ್ಯದ ಮುಂದೆ ಕುಳಿತಾಗ ನನಗೆ ಒಂದಕ್ಷರವೂ ದಕ್ಕಲಿಲ್ಲ. ಕೆಳಗೆ ಸಾರಾಂಶವಿತ್ತು, ಪಕ್ಕದಲ್ಲಿ ಅರ್ಥವಿತ್ತು. ಅರ್ಥ ಗೊತ್ತಾಗುತ್ತಿತ್ತು, ಪದ್ಯ ಗೊತ್ತಾಗುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಿಸಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ಕಾಗದ ಹೇಳುವುದಿಲ್ಲ. ಹಳಗನ್ನಡ ಕಿವಿಯಿಂದ ಹೋಗಬೇಕಾದ್ದು. ಆ ಕಿವಿಯನ್ನು ನನಗೆ ಕೊಟ್ಟವರು ನಮ್ಮ ಪಕ್ಕದ ಮನೆಯ ತಮಿಳು ಅಜ್ಜಿ.

ಪಾಟಿ ಎಂದೇ ನಾವೆಲ್ಲ ಕರೆಯುತ್ತಿದ್ದುದು. ಗಂಡ ದಂಡಿನ ಮಿಲಿಟರಿ ಸ್ಟೋರಿನಲ್ಲಿ ಕೆಲಸದಲ್ಲಿದ್ದವರು, ತೀರಿಹೋಗಿದ್ದರು. ಪಾಟಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಮಾತು ಮಾತ್ರ ಬರುತ್ತಿತ್ತು. ನಮ್ಮಿಬ್ಬರ ಮನೆಗೂ ಹಿಂದೆ ಒಂದೇ ವಠಾರದ ಕಲ್ಲು. ಸಂಜೆ ಅಲ್ಲಿ ಕುಳಿತು ನಾನು ಗಟ್ಟಿಯಾಗಿ ಓದುತ್ತಿದ್ದರೆ ಅವರು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದರು. ಒಂದು ದಿನ ಮಳೆ ಎಂಬ ಪದ ಬಂತು. ಪುಸ್ತಕದಲ್ಲಿ ಅದು ‘ಮೞೆ’ ಎಂದಿತ್ತು, ಈಗ ಬಳಕೆಯಲ್ಲಿಲ್ಲದ ೞಕಾರದಲ್ಲಿ. ನಾನು ತಡವರಿಸಿ ಮಾಮೂಲಿ ಮಳೆ ಎಂದೇ ಓದಿದೆ. ಯಾಕೆ ತಡವರಿಸಿದೆ ಎಂದು ಪಾಟಿ ಕೇಳಿದರು. ಹಳೇ ಕನ್ನಡದ ಅಕ್ಷರ, ಈಗ ಅದನ್ನ ಅನ್ನೋಕೆ ಯಾರಿಗೂ ಬರಲ್ಲ ಎಂದೆ. “ಯಾರು ಹೇಳಿದ್ದು ಬರಲ್ಲ ಅಂತ? ನಾವು ದಿನಾ ಅಂತೀವಲ್ಲ ಕಣ್ಣು,” ಎಂದವರೇ ನಾಲಿಗೆಯನ್ನು ಹಿಂದಕ್ಕೆ ಮಡಿಚಿ, ಅಂಗುಳಕ್ಕೆ ತಾಗಿಸದೆ, ತಮಿಳಿನಲ್ಲಿ ಮಳೆ ಎಂದರು. ಆಮೇಲೆ ಏಳು ಎಂದರು, ಕೋಳಿ ಎಂದರು. ಪಂಪನ ಕಾಲದ ಕನ್ನಡದಲ್ಲಿ ಇವು ಮೂರರಲ್ಲೂ ಅದೇ ೞಕಾರ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ರಳ, ಕುಳ, ಕ್ಷಳ ಎಂದು ಬೇರೆ ಮಾಡಿ ತೋರಿಸಬೇಕಾಯಿತೆಂದರೆ, ಜನ ಆಗಲೇ ಅವನ್ನು ಬೆರೆಸಿ ಆಡುತ್ತಿದ್ದರೆಂದೇ ಅರ್ಥ. ಕನ್ನಡ ಬಿಟ್ಟ ಆ ದನಿ ಹಲಸೂರಿನ ನಮ್ಮ ವಠಾರದಲ್ಲಿ, ಕನ್ನಡ ಓದಲು ಬಾರದ ಹೆಂಗಸಿನ ಬಾಯಲ್ಲಿ, ಜೀವಂತ ಇತ್ತು. ಅಂದಿನಿಂದ ೞಕಾರ ಬಂದಲ್ಲೆಲ್ಲ ಪಾಟಿ ತಿದ್ದುತ್ತಿದ್ದರು. ಎಂ.ಎ.ಯಲ್ಲಿ ನನಗೆ ಹಳಗನ್ನಡ ಉಚ್ಚಾರಣೆ ಕಲಿಸಿದ ಗುರು ಅವರೇ.

ದಂಡಿನಲ್ಲಿ ಕನ್ನಡ ಇಲ್ಲ ಎಂದು ಕೊರಗುತ್ತಿದ್ದ ನನ್ನ ಯೋಚನೆಯನ್ನೇ ಇದು ಬದಲಾಯಿಸಿತು. ಪಂಪ ಕನ್ನಡದ ಆದಿಕವಿ. ಅವನು ‘ವಿಕ್ರಮಾರ್ಜುನ ವಿಜಯ’ ಬರೆದದ್ದು ಅರಿಕೇಸರಿಯ ಆಶ್ರಯದಲ್ಲಿ. ಆ ಅರಿಕೇಸರಿಯ ವೇಮುಲವಾಡ ಈಗ ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಇವೆ. ಹತ್ತನೆಯ ಶತಮಾನದ ಆ ಅಣ್ಣತಮ್ಮಂದಿರಿಗೆ ಹಲಸೂರಿನ ಬೀದಿ ಏನೂ ಹೊಸದೆನಿಸುತ್ತಿರಲಿಲ್ಲ. ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನಕ್ಕೆ ಹೋದರೆ ಕಲ್ಲಿನ ಮೇಲೆ ತಮಿಳು ಶಾಸನ ಇಂದಿಗೂ ಕಾಣುತ್ತದೆ. ಕನ್ನಡ ಎಂದೂ ಒಂಟಿಯಾಗಿ ಬದುಕಿದ ಭಾಷೆಯಲ್ಲ.

ಇನ್ನೊಬ್ಬರು ಶಿವಾಜಿನಗರದ ಭಾಯ್. ನಮ್ಮ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು, ಮನೆ ರಸೆಲ್ ಮಾರ್ಕೆಟ್ಟಿನ ಹಿಂದೆ. ಮನೆಮಾತು ಉರ್ದು, ಓದಿದ್ದು ಚಿಂತಾಮಣಿ ಕಡೆ ಕನ್ನಡ ಮೀಡಿಯಂನಲ್ಲಿ. ಅವರೂ ನನ್ನ ಜೊತೆಗೇ ಎಂ.ಎ. ಕಟ್ಟಿದ್ದರು. ಆಕಾಶವಾಣಿಯಲ್ಲಿ ಗಮಕ ಕೇಳಿ ಕೇಳಿ ಭಾಮಿನಿ ಷಟ್ಪದಿಯನ್ನು ಎಷ್ಟು ಚೆನ್ನಾಗಿ ಓದುತ್ತಿದ್ದರೆಂದರೆ, ಕಂಪನಿ ಬಸ್ಸಿನಲ್ಲಿ ಅವರು ಶುರುಮಾಡಿದರೆ ಎನ್‌ಜಿಇಎಫ್ ದಾಟಿ ಟಿನ್ ಫ್ಯಾಕ್ಟರಿ ಬರುವವರೆಗೂ ಯಾರೂ ಮಾತಾಡುತ್ತಿರಲಿಲ್ಲ. ನನಗೆ ಮನೆಯಲ್ಲಿ ಕುಳಿತು ಓದಲು ಪುರಸೊತ್ತಿಲ್ಲ ಎಂದು ತಿಳಿದು ಅವರೇ ಒಂದು ಉಪಾಯ ಮಾಡಿದರು. ಪಠ್ಯವನ್ನು ಟೇಪ್‌ರೆಕಾರ್ಡರಿನಲ್ಲಿ ಓದಿ ಕ್ಯಾಸೆಟ್ ಕೊಡುತ್ತಿದ್ದರು: ಒಂದು ಕಡೆ ಕುಮಾರವ್ಯಾಸ, ಇನ್ನೊಂದು ಕಡೆ ಹರಿಹರನ ರಗಳೆ. ಬೆಳಗ್ಗೆ ಚಪಾತಿ ಒತ್ತುತ್ತ ಕೇಳುತ್ತಿದ್ದೆ. ನಡುವೆ ಹಿಂದಿನಿಂದ ಮಸೀದಿಯ ಆಜಾನ್, ಮಾರ್ಕೆಟ್ಟಿನ ಗಾಡಿಯವರ ಕೂಗು, ಅವರ ಮಗಳು ಅಬ್ಬಾ ಎಂದು ಕರೆಯುವುದು ಎಲ್ಲ ಕೇಳುತ್ತಿತ್ತು. ಆ ಕ್ಯಾಸೆಟ್ಟುಗಳ ಟೇಪು ಈಗ ಅಂಟಿಕೊಂಡಿದೆ, ಓಡುವುದಿಲ್ಲ.

ಮಧ್ಯಾಹ್ನದ ಊಟದ ಮೇಜು ನನ್ನ ಮೂರನೆಯ ತರಗತಿ. ಜನ್ನನ ‘ಯಶೋಧರ ಚರಿತೆ’ ಪಠ್ಯವಾಗಿದ್ದ ವರ್ಷ, ನಮ್ಮ ಸಾಲಿನ ಹೆಂಗಸರಿಗೆ ಅದರ ಕಥೆ ಹೇಳಿದೆ. ಉಜ್ಜಯಿನಿಯ ರಾಣಿ ಅಮೃತಮತಿ ರಾತ್ರಿ ಗಜಶಾಲೆಯ ಕಡೆಯಿಂದ ಬಂದ ಹಾಡು ಕೇಳಿ, ಹಾಡಿದವನು ಕುರೂಪಿ ಎಂದು ಸಖಿ ಬಂದು ಹೇಳಿದರೂ ಕೇಳದೆ, ಆ ಮಾವುತನ ಬಳಿಗೆ ಹೋಗುತ್ತಾಳೆ. ಆಮೇಲೆ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಡಬ್ಬಿಗಳು ತೆರೆದೇ ಉಳಿದವು. ತುಮಕೂರಿನವಳೊಬ್ಬಳು ಹೋಗಿದ್ದೇ ತಪ್ಪು ಎಂದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಇನ್ನೊಬ್ಬಳು, ಎಂದೂ ಹೆಚ್ಚು ಮಾತಾಡದವಳು, “ಹಾಡು ಕೇಳಿ ಎದ್ದು ಹೋದ್ಲು ಅಂದ್ರೆ, ಆ ಅರಮನೇಲಿ ಅವಳ ಹತ್ರ ಯಾರೂ ಒಂದು ಮಾತೂ ಆಡಿರ್ಲಿಲ್ಲ ಅನ್ಸತ್ತೆ” ಎಂದಳು. “ಹೋಗ್ಲಿ ಬಿಡು, ಅತ್ತೆಗ್ಯಾಕೆ ವಿಷ ಹಾಕ್ಬೇಕಿತ್ತು?” ಎಂದು ಪಾಲಕ್ಕಾಡಿನವಳು ಕೇಳಿದಳು. ಮಾತು ಎರಡು ಮೂರು ದಿನ ನಡೆಯಿತು. ಗಂಡು ಬೇರೆಯವಳ ಬಳಿ ಹೋದ ಕಥೆಗಳಲ್ಲಿ ಯಾರೂ ವಿಷದವರೆಗೆ ಯಾಕೆ ಹೋಗುವುದಿಲ್ಲ ಎಂಬಲ್ಲಿಗೂ ಬಂತು. 1209ರಲ್ಲಿ ಬರೆದ ಕಾವ್ಯ ಅದು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಇದೇ ಕಥೆಯನ್ನು ಎತ್ತಿಕೊಂಡಿದ್ದಾರೆಂದು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದು ಗೊತ್ತಿಲ್ಲದೆಯೂ ಆ ಹೆಂಗಸರು ಸರಿಯಾದ ಪ್ರಶ್ನೆಯನ್ನೇ ಹಿಡಿದಿದ್ದರು.

ಪರೀಕ್ಷೆಯಲ್ಲಿ ಬಂದದ್ದು ‘ಯಶೋಧರ ಚರಿತೆಯಲ್ಲಿ ಸಂಕಲ್ಪ ಹಿಂಸೆ’. ಯಶೋಧರ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದು, ಅದರ ಫಲವಾಗಿ ಜನ್ಮಜನ್ಮಾಂತರ ತೊಳಲಿದ್ದು. ಅವೆನ್ಯೂ ರಸ್ತೆಯ ಯಾವ ಗೈಡು ತೆಗೆದರೂ ಉತ್ತರ ಸಿದ್ಧವಿತ್ತು. ಹಿಂದಿನ ಐದು ವರ್ಷಗಳ ಪ್ರಶ್ನೆಪತ್ರಿಕೆ ಹರಡಿಕೊಂಡು, ಯಾವುದು ಬರಬಹುದೆಂದು ಲೆಕ್ಕ ಹಾಕಿ, ಗೈಡಿನ ಉತ್ತರ ಬಾಯಿಪಾಠ ಮಾಡಿ, ಮೂಲ ಪದ್ಯವನ್ನು ಮುಟ್ಟದೆ ಕನ್ನಡ ಎಂ.ಎ. ಪಾಸಾಗಬಹುದಿತ್ತು. ಪಾಸಾದವರನ್ನು ನೋಡಿದ್ದೇನೆ. ರೆಗ್ಯುಲರ್ ಕಾಲೇಜುಗಳಲ್ಲೂ ಕಥೆ ಇದೇ ಆಗಿತ್ತು, ಆದ್ದರಿಂದ ಇದನ್ನು ಅಂಚೆ ಶಿಕ್ಷಣದ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಾಹಿತ್ಯ ಓದಿದ್ದೀರಾ ಎಂದು ಕೇಳಬೇಕಾದ ಪರೀಕ್ಷೆ ಸಾಹಿತ್ಯದ ಬಗ್ಗೆ ಕೇಳಿದ್ದೀರಾ ಎಂದು ಕೇಳುತ್ತಿತ್ತು. ಅಂದು ಆ ಅಂಕಪಟ್ಟಿ ನೋಡಿ ಹಿಗ್ಗಿದ್ದೆ. ಇಂದು ಅದರ ಮೇಲೆ ಆ ಅಭಿಮಾನ ಉಳಿದಿಲ್ಲ. ಊಟದ ಮೇಜಿನ ಮೇಲೆ ಇದೆ.

ಮೈಸೂರಿನ ಸಂಪರ್ಕ ತರಗತಿಗಳ ಬಗ್ಗೆ ಒಂದು ಮಾತು. ರಜೆ ಹಾಕಿ, ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು, ದೂರದ ನೆಂಟರ ಮನೆಯಲ್ಲಿ ಉಳಿದು ಹೋಗುತ್ತಿದ್ದೆ. ತರಗತಿಯಲ್ಲಿ ಮಂಡ್ಯ ಕಡೆಯ ಶಾಲಾ ಮೇಷ್ಟ್ರುಗಳು, ಪೊಲೀಸ್ ಪೇದೆ, ಬಿಳಿ ಸೀರೆಯ ಕ್ರೈಸ್ತ ಸನ್ಯಾಸಿನಿ, ಕೂಸನ್ನು ತಾಯಿಯ ಕೈಗೆ ಕೊಟ್ಟು ಬಂದಿದ್ದ ಅಂಗನವಾಡಿ ಕಾರ್ಯಕರ್ತೆ ಎಲ್ಲ ಇದ್ದರು. ಒಬ್ಬ ಅಧ್ಯಾಪಕರು ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣಭೂಮಿಯಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ಭಾಗವನ್ನು ನೋಟ್ಸ್ ಇಲ್ಲದೆ, ನಿಂತಲ್ಲೇ ಓದಿದರು. ವಿವರಣೆ ಕೊಡಲಿಲ್ಲ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಆ ಪೊಲೀಸ್ ಪೇದೆ, ತಾನು ಬಂದೋಬಸ್ತಿನಲ್ಲಿ ಕಂಡ ಒಂದು ಸಾವಿನ ಬಗ್ಗೆ ನಮಗೆ ಹೇಳಿದ. ಆ ಒಂದು ಗಂಟೆ ನನಗೆ ಒಂದು ಕಟ್ಟು ಪುಸ್ತಿಕೆಗಿಂತ ಹೆಚ್ಚು ಕಲಿಸಿತು.

ಇನ್ನೊಂದು ಮಾತನ್ನೂ ಹೇಳಬೇಕು. ಕೆಲಸ ಮಾಡಿಕೊಂಡು, ಮನೆ ನೋಡಿಕೊಂಡು ಓದಿದಳು ಎಂದು ನಮ್ಮ ಕಡೆಯವರು ಇಂದಿಗೂ ಹೊಗಳುತ್ತಾರೆ. ಪರೀಕ್ಷೆಯ ತಿಂಗಳುಗಳಲ್ಲಿ ಮನೆ ನೋಡಿಕೊಂಡವರು ನನ್ನ ಅತ್ತೆ. ಒಂದಕ್ಷರ ಓದಿದವರಲ್ಲ. ಮಕ್ಕಳಿಗೆ ಉಣ್ಣಿಸಿ, ಬೆಳಗಿನ ಜಾವ ಎದ್ದು ಕಾರ್ಪೊರೇಷನ್ ನಲ್ಲಿಯಲ್ಲಿ ನೀರು ಹಿಡಿದು, ನಾನು ಓದುವ ಕೋಣೆಯ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಇಷ್ಟೆಲ್ಲ ಓದಿ ಏನು ಬರುತ್ತದೆ ಎಂದು ಗಂಡ ಕೇಳಿದಾಗ, “ಓದ್ಲಿ ಬಿಡೋ, ಅವಳಪ್ಪ ಓದ್ತಿದ್ರಂತೆ” ಎಂದವರು ಅವರೇ. ವಯಸ್ಸಾದ ಮೇಲೆ ಓದಿದ ಹೆಂಗಸರ ಪದವಿಗಳ ಹಿಂದೆ ಇಂಥ ಇನ್ನೊಬ್ಬ ಹೆಂಗಸಿನ ದುಡಿಮೆ ಎಷ್ಟೋ ಸಲ ಇರುತ್ತದೆ. ಆಕೆಯ ಹೆಸರನ್ನು ಯಾರೂ ಹೇಳುವುದಿಲ್ಲ.

ಪದವಿಯಿಂದ ಕೆಲಸವೇನೂ ಬದಲಾಗಲಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠಕ್ಕೆ ಕೇಳಲು ಹೋಗಿದ್ದೆ. ಪ್ರಮಾಣಪತ್ರ ನೋಡಿದವರು “ಓ, ಕರೆಸ್ಪಾಂಡೆನ್ಸಾ” ಎಂದು ಮಡಚಿ ಕೊಟ್ಟರು. ಆಮೇಲಿನವರ ಕಷ್ಟ ಇದಕ್ಕಿಂತ ದೊಡ್ಡದು. 2015ರಲ್ಲಿ ಯುಜಿಸಿ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿದಾಗ, ಸಾವಿರಾರು ಜನರ ಓದು ನಡುನೀರಿನಲ್ಲಿ ನಿಂತಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿತು. ನಿಯಮ ಹೇಳಿದ್ದನ್ನು ಶಾಲೆಗಳ ಆಡಳಿತ ಮಂಡಳಿಗಳೂ ಮನಸ್ಸಿಗೆ ತೆಗೆದುಕೊಳ್ಳಬೇಕು.

ಈಗ ನಮ್ಮ ಕಡೆ ಎಲ್ಲವೂ ಬೇರೆ. ಎನ್‌ಜಿಇಎಫ್ ಮುಚ್ಚಿ ಎಷ್ಟೋ ವರ್ಷವಾಯಿತು. ಲಿಡೋ ಇದ್ದಲ್ಲಿ ಮಾಲ್ ಇದೆ. ಒಂದು ಕಾಲಕ್ಕೆ ಮನೆಗಳಷ್ಟೇ ಇದ್ದ ಇಂದಿರಾನಗರದ ನೂರಡಿ ರಸ್ತೆಯಲ್ಲಿ ರಾತ್ರಿಯೂ ನಡೆಯಲು ಜಾಗವಿಲ್ಲ. ಬೆಂಗಳೂರಿನ ಮೊದಲ ಮೆಟ್ರೋ 2011ರಲ್ಲಿ ನಮ್ಮ ಹಲಸೂರಿನ ಮೇಲೆಯೇ ಓಡಿತು. 2023ರ ಅಕ್ಟೋಬರಿನಿಂದ ಅದರಲ್ಲಿ ಕುಳಿತು ನೇರ ಕೆ.ಆರ್.ಪುರದವರೆಗೆ ಹೋಗಬಹುದು. ಪಾಟಿ ಇಲ್ಲ, ಅತ್ತೆ ಇಲ್ಲ. ಭಾಯ್ ಮಗಳ ಮನೆ ಸೇರಿದ್ದಾರೆ, ಕಣ್ಣು ಮಂಜಾಗಿದೆ. ಫೋನ್ ಮಾಡಿದರೆ ಈಗಲೂ ಷಟ್ಪದಿಯಲ್ಲೇ ಮಾತು ಶುರು. ಪಂಪ, ರನ್ನ, ಜನ್ನ ಎಲ್ಲರೂ ಫೋನಿನಲ್ಲೇ ಸಿಗುತ್ತಾರೆ. ಗಮಕಿಗಳ ವಾಚನ ಬೆರಳ ತುದಿಯಲ್ಲಿದೆ. ಈ ಸೌಕರ್ಯ ಆಗ ನಮಗಿದ್ದಿದ್ದರೆ ಎಂದು ಆಸೆಯಾಗುತ್ತದೆ. ಆದರೆ ಓದಿದ್ದನ್ನು ಕೇಳಿ, ತಡೆದು, “ಅದು ಹಾಗಲ್ಲ ಕಣ್ಣು” ಎನ್ನುವವರು ಫೋನಿನಲ್ಲಿ ಸಿಗುವುದಿಲ್ಲ.

ಕನ್ನಡ ಎಂ.ಎ. ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಷ್ಟವೆಂದು ಹೆದರಲೂ ಬೇಡಿ. ಮೂಲ ಪದ್ಯವನ್ನು ದಿನಕ್ಕೆ ಒಂದಾದರೂ ಗಟ್ಟಿಯಾಗಿ ಓದಿ, ಕೇಳಲು ಒಬ್ಬರನ್ನು ಹುಡುಕಿಕೊಳ್ಳಿ. ಅವರಿಗೆ ಕನ್ನಡ ಓದಲು ಬರಬೇಕೆಂದೇನಿಲ್ಲ. ವಿಶ್ವವಿದ್ಯಾನಿಲಯಗಳಲ್ಲಿ ನನ್ನ ಕೋರಿಕೆ ಒಂದೇ: ಪ್ರಶ್ನೆಪತ್ರಿಕೆಯಲ್ಲಿ ಒಂದು ಪದ್ಯವನ್ನಾದರೂ ಹಿಂದೆ ಎಲ್ಲೂ ಕೇಳದ್ದನ್ನು ಕೊಡಿ, ಅದನ್ನು ಓದಿ ಅನಿಸಿದ್ದನ್ನು ಬರೆಯಲು ಹೇಳಿ. ಇನ್ನು ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರ ಕಡೆಯ ಶಾಖಾ ಗ್ರಂಥಾಲಯಗಳಲ್ಲಿ, ಶಾಲೆಗಳಲ್ಲಿ, ಕನ್ನಡ ಸಂಘಗಳಲ್ಲಿ ಜವಾಬ್ದಾರಿ ಇರುವವರು ದಯವಿಟ್ಟು ಕೇಳಿ. ಈ ಭಾಗದಲ್ಲಿ ಡ್ಯೂಟಿ ಮಾಡಿಕೊಂಡು ಕನ್ನಡ ಓದುವ ಹೆಂಗಸರು, ಗಂಡಸರು ಇದ್ದಾರೆ. ಅವರಿಗೆ ಒಟ್ಟಿಗೆ ಕೂರಲು ಜಾಗವಿಲ್ಲ. ಭಾನುವಾರ ಬೆಳಗ್ಗೆ ಎರಡು ಗಂಟೆ ಒಂದು ಕೋಣೆ ಬಿಟ್ಟುಕೊಡಿ. ಓದಲು ನಾನು ಬರುತ್ತೇನೆ.